ಎರಡು ಬೀಗದ ಗೇಟಿಗೆ ಮೂರು ಇಂಚಿನ ಅರಿಕೆ

ಮಾನ್ಯರೇ,

ರಾಯದುರ್ಗದ ಕೋಟೆ ಬೆಟ್ಟದ ಕೆಳಗಿನ ಬೀದಿಯಲ್ಲಿ, ಬಸವರಾಜೇಶ್ವರಿ ಅಮ್ಮನವರ ಗೋಡೆಗೂ ಸುಂಕಪ್ಪನವರ ಗೋಡೆಗೂ ನಡುವೆ, ಮೈಗೆ ಹಸಿರು ಬಣ್ಣ ಬಳಿಸಿಕೊಂಡು, ತಲೆಯ ಮೇಲೆ ಹನ್ನೊಂದು ಈಟಿಗಳನ್ನು ಧರಿಸಿ, ಎದೆಯ ಮೇಲೆ ಎರಡು ಬೀಗಗಳನ್ನು ಪದಕಗಳಂತೆ ತೂಗಿಸಿಕೊಂಡು ನಿಂತಿರುವ ಕಬ್ಬಿಣದ ಗೇಟಾದ ತಮಗೆ, ಆ ಗೋಡೆಗಳ ನಡುವಿನ ಸಂದಿಯ ಹಿಂಬದಿಯಲ್ಲಿರುವ ಅಮ್ಮನವರ ಶೆಡ್ಡಿನಲ್ಲಿ ಆರು ವರ್ಷ ಬಾಡಿಗೆಗಿದ್ದು ಜೀನ್ಸ್ ಪ್ಯಾಂಟು ಹೊಲಿಸಿದ ರಾಮಾಂಜಿನೇಯನು ತಲೆಬಾಗಿ ಸಲ್ಲಿಸುವ ನಮಸ್ಕಾರಗಳು. ತಾವು ಸದಾ ಮುಚ್ಚಿರುವುದರಿಂದ ತಮ್ಮ ಕ್ಷೇಮದ ಬಗ್ಗೆ ನನಗೆ ಅನುಮಾನವಿಲ್ಲ.

ಅರಿಕೆಗೆ ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ತಮ್ಮನ್ನು ಮಾಡಿಸಿದ್ದಕ್ಕೆ ಒಂಬತ್ತು ಸಾವಿರದ ಎಂಟುನೂರು, ತಮ್ಮನ್ನು ಕೂರಿಸಲು ಗೋಡೆ ಒಡೆದು ಮತ್ತೆ ಗಾರೆ ಮಾಡಿಸಿದ್ದಕ್ಕೆ ಮೂರು ಸಾವಿರದ ಇನ್ನೂರು, ಎರಡೂ ಕಡೆಯ ವಕೀಲರ ನೋಟೀಸಿಗೆ ಐದು ಸಾವಿರ, ಸರ್ವೇಯರನ್ನು ಎರಡು ಸಲ ಕರೆಸಿದ್ದಕ್ಕೆ ಎರಡು ಸಾವಿರ, ಬೀದಿಯ ಹಿರಿಯರಾದ ಓಬಯ್ಯನವರ ಜಗಲಿಯ ಮೇಲೆ ಏಳು ಸಂಜೆ ನಡೆದ ಪಂಚಾಯಿತಿಗೆ ಮಿರ್ಚಿ, ಮಂಡಕ್ಕಿ, ಚಹಾ ಸೇರಿ ಎರಡು ಸಾವಿರದ ಆರುನೂರು, ಬೀಗಗಳಿಗೆ ಒಂಬೈನೂರು, ಹೊಲಿದ ಪ್ಯಾಂಟಿನ ಬಂಡಲು ಹೊತ್ತಿಗೆ ಸರಿಯಾಗಿ ಹೊರಬರಲಿಲ್ಲವೆಂದು, ನನಗೆ ಕೆಲಸ ಕೊಡುವ ಬಳ್ಳಾರಿಯ ಸೇಟು ನನ್ನ ಕೂಲಿಯಲ್ಲಿ ಹಿಡಿದುಕೊಂಡದ್ದು ಹದಿನೆಂಟು ಸಾವಿರದ ಐನೂರು. ಒಟ್ಟು ನಲವತ್ತೆರಡು ಸಾವಿರ. ಹದಿನಾಲ್ಕು ತಿಂಗಳ ಈ ಜಗಳವೆಲ್ಲ ಮೂರು ಇಂಚು ನೆಲಕ್ಕೆ ನಡೆದದ್ದರಿಂದ, ಇಂಚಿಗೆ ಹದಿನಾಲ್ಕು ಸಾವಿರ ಬಿತ್ತು. ಈ ದರದಲ್ಲಿ ನಮ್ಮೂರ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕಾಲು ಚಾಚಿ ಮಲಗುವವನು ಲಕ್ಷಾಧಿಪತಿ ಎಂಬುದು ತಮ್ಮ ಗಮನಕ್ಕೆ ಬರಲಿ.

ಮನುಷ್ಯರನ್ನು ಬಿಟ್ಟು ತಮಗೇ ಯಾಕೆ ಬರೆಯುತ್ತಿದ್ದೇನೆಂದು ತಾವು ಕೇಳಬಹುದು. ಅಮ್ಮನವರ ಹತ್ತಿರ ಹೋದರೆ ಸುಂಕಪ್ಪನವರನ್ನು ಕೇಳು ಎನ್ನುತ್ತಾರೆ, ಸುಂಕಪ್ಪನವರ ಹತ್ತಿರ ಹೋದರೆ ನಿಮ್ಮ ಓನರಮ್ಮನನ್ನು ಕೇಳು ಎನ್ನುತ್ತಾರೆ, ಓಬಯ್ಯನವರ ಹತ್ತಿರ ಹೋದರೆ ಮೊದಲು ಮಿರ್ಚಿ ತರಿಸು ಎನ್ನುತ್ತಾರೆ. ಹೇಳಿದ್ದನ್ನೆಲ್ಲ ನಿಂತ ಜಾಗದಲ್ಲೇ ನಿಂತು, ನಡುವೆ ಬಾಯಿ ಹಾಕದೆ ಕೇಳುವವರು ಇಡೀ ಬೀದಿಯಲ್ಲಿ ತಾವೊಬ್ಬರೇ. ಮೇಲಾಗಿ ತಮ್ಮ ಜನ್ಮಕ್ಕೆ ಕಾರಣನಾದವನು ನಾನು. ಅದನ್ನೇ ಈಗ ವಿವರಿಸುತ್ತೇನೆ.

ತಾವು ಹುಟ್ಟುವುದಕ್ಕೆ ಮೊದಲು ಆ ಸಂದಿ ಬರೀ ಸಂದಿಯಾಗಿತ್ತು. ತೆಲುಗಿನಲ್ಲಿ ಬರೆದ ಹಳೆಯ ದಸ್ತಾವೇಜಿನಲ್ಲಿ ‘ನಾಲುಗು ಅಡುಗುಲ ಸಂದು’, ಎರಡೂ ಮನೆಗೆ ಸೇರಿದ್ದು ಎಂದಿದೆ. ಆ ನಾಲ್ಕು ಅಡಿಯಲ್ಲಿ ನನ್ನ ಬಂಡಲುಗಳು ಹೋಗಿಬರುತ್ತಿದ್ದವು, ಒಂಬತ್ತು ಜನ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗಿಬರುತ್ತಿದ್ದರು. ಅವರಲ್ಲಿ ಮೀನಾಕ್ಷಿಯ ಮನೆ ಸಂದಿಯ ಬಾಯಿಗೆ ಎದುರಾಗಿಯೇ ಇದೆ. ಅವಳ ಅತ್ತೆ ಎರಡು ವರ್ಷದಿಂದ ಮಂಚ ಬಿಟ್ಟು ಏಳಲಾರರು. ಜಿಪ್ಪು ಕೂರಿಸುವುದರಲ್ಲಿ ಮೀನಾಕ್ಷಿಯ ಸಮಕ್ಕೆ ಇಡೀ ರಾಯದುರ್ಗದಲ್ಲಿ ನಾಲ್ಕು ಕೈಗಳಿಲ್ಲ, ಆದರೆ ಗಂಟೆಗೊಮ್ಮೆ ಓಡಿಹೋಗಿ ಅತ್ತೆಗೆ ನೀರು ಕುಡಿಸಿ, ಮಗ್ಗಲು ಬದಲಿಸಿ ಬರಲೇಬೇಕು. ಶೆಡ್ಡಿನಿಂದ ಮಂಚಕ್ಕೆ ನಲವತ್ತು ಹೆಜ್ಜೆ. ಅವಳ ಸಂಸಾರ ಆ ನಲವತ್ತು ಹೆಜ್ಜೆಯ ಮೇಲೆ ನಡೆಯುತ್ತಿತ್ತು. ನನ್ನ ಪ್ಯಾಂಟುಗಳ ಜಿಪ್ಪೂ ಹಾಗೆಯೇ.

ಜಗಳ ಶುರುವಾದದ್ದು ಸಂಡಿಗೆಯಿಂದ. ಓವರ್‌ಲಾಕ್ ಮಷಿನ್ನು ಬಟ್ಟೆಯ ಅಂಚು ಕತ್ತರಿಸುವಾಗ ಉಗುಳುವ ನೀಲಿ ನೂಲಿನ ನವಿರು ಗಾಳಿಗೆ ಹಾರಿ, ಸುಂಕಪ್ಪನವರ ಹೆಂಡತಿ ಗಂಗಕ್ಕ ಮಾಳಿಗೆಯ ಮೇಲೆ ಹಾಕಿದ್ದ ಅಕ್ಕಿ ಸಂಡಿಗೆಗೆ ಅಂಟಿಕೊಂಡಿತು. “ಇದೇನು ಸಂಡಿಗೇನೋ ಪ್ಯಾಂಟೇನೋ, ಕರಿದು ತಿನ್ಲೋ ಹಾಕ್ಕೊಂಡು ಅಡ್ಡಾಡ್ಲೋ?” ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು, ನಾನು ಕಿಟಕಿಗೆ ಬಲೆ ಹೊಡೆಸಿ ತಪ್ಪು ಒಪ್ಪಿಕೊಂಡೆ. ಆದರೆ ಮಾತು ಅಷ್ಟಕ್ಕೆ ನಿಲ್ಲದೆ, ಸಂದಿಗೊಂದು ಗೇಟು ಇದ್ದರೆ ಹೊರಗಿನವರ ಓಡಾಟ ಹದ್ದುಬಸ್ತಿನಲ್ಲಿರುತ್ತದೆ ಎಂಬಲ್ಲಿಗೆ ಹೋಗಿ, ಎರಡು ಮನೆಯವರೂ ನಗುನಗುತ್ತ ಒಪ್ಪಿ, ಅಳತೆ ತೆಗೆಯಲು ಓಬಯ್ಯನವರನ್ನು ಕರೆದರು. ಆ ಸಭೆಯಲ್ಲಿ ನಾನು, ಬಂಡಲು ಹೋಗಿಬರಲು ಗೇಟು ಹಗಲೆಲ್ಲ ತೆರೆದಿರಲಿ ಎಂದು ಬಾಯಿ ತೆರೆದದ್ದಕ್ಕೆ ಓಬಯ್ಯನವರು, “ನೀ ಬಾಡಿಗಿಯಾಂವ, ನಿನಗ್ಯಾಕ ಜಾಗದ ಮಾತು? ಸುಮ್ಕ ಕುಂದ್ರಪ. ಹಂಗs ನಿನ್ನ ಟೇಪು ಕೊಡು ಇಲ್ಲಿ,” ಎಂದರು. ಬಾಡಿಗೆಯವನ ಮಾತಿಗೆ ಬೆಲೆಯಿಲ್ಲದಿದ್ದರೂ ಅವನ ಟೇಪಿಗೆ ಬೆಲೆಯುಂಟು ಎಂಬ ಈ ತೀರ್ಪನ್ನು ನಾನು ಗೌರವದಿಂದ ಸ್ವೀಕರಿಸಿ, ಓಬಯ್ಯನವರಿಗೆ ಟೇಪಿನ ಸಣ್ಣ ಅಂಕಿ ಕಾಣದ್ದರಿಂದ ಅಳೆಯುವ ಕೆಲಸವನ್ನೂ ನಾನೇ ಮಾಡಿದೆ.

ಇಲ್ಲಿ, ಮಾನ್ಯರೇ, ನಮ್ಮ ಕಸುಬಿನ ಒಂದು ಗುಟ್ಟು ತಮಗೆ ಹೇಳಬೇಕು. ಹೊಲಿದ ಜೀನ್ಸು ವಾಷಿಂಗಿಗೆ ಹೋದರೆ ಕುಗ್ಗುತ್ತದೆ. ಆದ್ದರಿಂದ ಕಟಿಂಗ್ ಮಾಸ್ಟರ್ ಆದವನು ಸ್ಯಾಂಪಲ್ ಪ್ಯಾಂಟಿನ ಮೇಲೆ ಟೇಪು ಹಿಡಿದು ಕಂಡ ಅಳತೆಯನ್ನು ಕೂಗುವುದಿಲ್ಲ, ಕುಗ್ಗುವಷ್ಟನ್ನು ಮನಸ್ಸಿನಲ್ಲೇ ಸೇರಿಸಿ ಕೂಗುತ್ತಾನೆ, ಎದುರಿಗಿದ್ದವನು ಅದನ್ನೇ ಬರೆದುಕೊಳ್ಳುತ್ತಾನೆ. ದಾರ ಕತ್ತರಿಸುವ ಕೂಲಿಯಿಂದ ಹಿಡಿದು ಒಂಬತ್ತು ಮಷಿನ್ನಿನ ಯಜಮಾನಿಕೆಯವರೆಗೆ ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಬಾಯಿ ನನ್ನದು. ಸಂದಿಯ ಈ ಗೋಡೆಯಿಂದ ಆ ಗೋಡೆಗೆ ಟೇಪು ಹಿಡಿದೆ, ಕಣ್ಣು ನಲವತ್ತೆಂಟು ಇಂಚು ಕಂಡಿತು, ಬಾಯಿ ಐವತ್ತೊಂದು ಎಂದಿತು, ಓಬಯ್ಯನವರು ಬರೆದುಕೊಂಡರು. ಸಂದಿ ವಾಷಿಂಗಿಗೆ ಹೋಗುವುದಿಲ್ಲ ಎಂಬುದು ಆ ಕ್ಷಣ ನನಗೆ ಹೊಳೆಯಲಿಲ್ಲ.

ಹೀಗೆ ಭೂಮಿ ಹುಟ್ಟಿದಂದಿನಿಂದ ಇಲ್ಲದಿದ್ದ ಮೂರು ಇಂಚು ನೆಲ ನಮ್ಮ ಬೀದಿಯಲ್ಲಿ ಹುಟ್ಟಿತು. ದಸ್ತಾವೇಜಿನಲ್ಲಿ ನಲವತ್ತೆಂಟು, ಓಬಯ್ಯನವರ ಚೀಟಿಯಲ್ಲಿ ಐವತ್ತೊಂದು; ಉಳಿಕೆ ಯಾರದು? ಅಮ್ಮನವರು ತಮ್ಮ ಮಾವ ಗೋಡೆ ಕಟ್ಟುವಾಗ ಒಳಗೆ ಸರಿದು ಕಟ್ಟಿದ್ದರಿಂದ ತಮ್ಮದು ಎಂದರು. ಸುಂಕಪ್ಪನವರ ಅಜ್ಜನೂ ಅಷ್ಟೇ ಉದಾರಿಯಾಗಿದ್ದ ವಿಷಯ ಅದೇ ಸಂಜೆ ಬೆಳಕಿಗೆ ಬಂತು. ಮಾತು ಬೆಳೆದು, ಸುಂಕಪ್ಪನವರು ವೆಲ್ಡಿಂಗ್ ಕದಿರಪ್ಪನ ಹತ್ತಿರ ಹೋಗಿ, ಚೀಟಿ ಕೊಟ್ಟು, ಐವತ್ತೊಂದು ಇಂಚಿಗೆ ಸರಿಯಾಗಿ ತಮ್ಮನ್ನು ಮಾಡಿಸಿಕೊಂಡು ಬಂದರು. ತಾವು ಸಂದಿಯೊಳಗೆ ಹಿಡಿಸಲಿಲ್ಲ. ತಮ್ಮನ್ನು ಒಂದು ಸಲ ವಾಷಿಂಗಿಗೆ ಕಳಿಸಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇನೋ; ಆದರೆ ಸುಂಕಪ್ಪನವರು ತಮ್ಮ ಮೇಲಿನ ಅಭಿಮಾನದಿಂದ, ಗೇಟು ದೊಡ್ಡದಾಗಿಲ್ಲ, ಆಯಮ್ಮನ ಗೋಡೆಯೇ ಮುಂದೆ ಬಂದಿದೆ ಎಂದು ತೀರ್ಮಾನಿಸಿ, ಆಕೆ ಬೆಳುಗುಪ್ಪದ ತಂಗಿಯ ಮನೆಗೆ ಹೋಗಿದ್ದ ದಿನ ಆ ಗೋಡೆಯನ್ನು ಮೂರು ಇಂಚು ಕೊರೆಸಿ ತಮ್ಮನ್ನು ಪ್ರತಿಷ್ಠಾಪಿಸಿ ಬೀಗ ಹಾಕಿದರು.

ಅಮ್ಮನವರು ಬಂದು ನೋಡಿದರು. ನನ್ನ ಗೋಡೆಯೊಳಗೆ ನಿಂತ ಗೇಟು ನನ್ನದೂ ಹೌದು ಎಂದು ಎರಡನೆಯ ಬೀಗ ಜಡಿದರು. ನೋಟೀಸುಗಳಾದವು. ಸರ್ವೇಯರು ಬಂದು ಎರಡು ಕಡೆ ಅಳೆದು, ಸರಿಯಾಗಿ ನಾಲ್ಕು ಅಡಿ, ನಲವತ್ತೆಂಟು ಇಂಚು ಎಂದು ಬರೆದುಕೊಟ್ಟು ಹೋದರು. ಇನ್ನು ಜಗಳ ಮುಗಿಯಿತೆಂದು ನಾನು ಮೂರ್ಖನಂತೆ ನಂಬಿದೆ. “ಮೂರು ತಿಂಗಳ ಹಿಂದ ಐವತ್ತೊಂದಿತ್ತು, ಈಗ ನಲವತ್ತೆಂಟಾಗೈತಿ. ಮೂರಿಂಚು ಎಲ್ಲಿ ಹೋತ್ರಿ? ನಾಯಿ ಎಳಕೊಂಡು ಹೋತ?” ಎಂದು ಸುಂಕಪ್ಪನವರು ಕೇಳಿದರು. ಅದುವರೆಗೆ ನೆಲ ಯಾರದೆಂಬ ತಕರಾರಿತ್ತು. ಅಂದಿನಿಂದ ನೆಲ ಕದ್ದವರು ಯಾರೆಂಬ ತಕರಾರಾಯಿತು. ಸರ್ವೇಯರನ್ನು ಮತ್ತೊಮ್ಮೆ ಕರೆಸಿದರು. ಎರಡನೆಯ ಸಲವೂ ಅಷ್ಟೇ ಬಂದದ್ದರಿಂದ, ಕಳ್ಳರು ಗಟ್ಟಿಗರೆಂದು ಇಬ್ಬರಿಗೂ ಖಾತ್ರಿಯಾಯಿತು.

ನನಗೆ ಆ ದಿನವೇ ಹೊಳೆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಾಡಿಗೆಗೆ ಕಾಗದ ಪತ್ರವಿಲ್ಲದವನು, ಬರೀ ಬಾಯಿಮಾತಿನ ಮೇಲೆ ಆರು ವರ್ಷ ಇದ್ದವನು, ಇಬ್ಬರು ಜಾಗದ ಯಜಮಾನರ ನಡುವೆ ನಿಂತು ನಿಮ್ಮಿಬ್ಬರ ಜಗಳದ ತಾಯಿಬೇರು ನಾನು ಎಂದು ಹೇಳಿದರೆ ಅವನ ಮಷಿನ್ನುಗಳು ಎಲ್ಲಿರುತ್ತವೆ ಎಂದು ಲೆಕ್ಕ ಹಾಕಿ ಸುಮ್ಮನಾದೆ. ನನ್ನ ಲೆಕ್ಕ ಸರಿಯಾಗಿತ್ತು. ಸುಮ್ಮನಾದದ್ದು ಸರಿಯಾಗಿರಲಿಲ್ಲ.

ಅಲ್ಲಿಂದ ಮುಂದಿನದು ತಮ್ಮ ಆಳ್ವಿಕೆಯ ಕಾಲ. ಬೆಳಿಗ್ಗೆ ಎರಡು ಬೀಗದ ಕೈಗಳೂ ಮನಸ್ಸು ಮಾಡಿದರೆ ಹೆಣ್ಣುಮಕ್ಕಳು ಒಳಗೆ. ಮಧ್ಯಾಹ್ನ ಎರಡೂ ಮನಸ್ಸು ಮಾಡಿದರೆ ಹೊರಗೆ. ನಡುವಿನ ಹೊತ್ತು ತಾವು ಮುಚ್ಚಿಯೇ. ಮೀನಾಕ್ಷಿಯ ಗಂಟೆಗೊಂದು ಓಟ ದಿನಕ್ಕೊಂದಕ್ಕೆ ಇಳಿಯಿತು. ದಾರಿಯಿಲ್ಲದ ಜಾಗಕ್ಕೆ ಪೂರಾ ಬಾಡಿಗೆ ಹೇಗಮ್ಮಾ ಎಂದು ನಾನು ವಿನಯದಿಂದ ಕೇಳಿದರೆ ಅಮ್ಮನವರು, “ನಾ ಬಾಡಿಗಿಗೆ ಕೊಟ್ಟಿದ್ದು ಶೆಡ್ಡು, ದಾರಿ ಅಲ್ಲಪ,” ಎಂದರು. ಇಂಥ ಸ್ಪಷ್ಟತೆ ಯಾವ ಕಾನೂನು ಪುಸ್ತಕದಲ್ಲೂ ಸಿಗಲಾರದು. ಇದೇ ನ್ಯಾಯದಲ್ಲಿ ನಾನು ಪ್ಯಾಂಟು ಹೊಲಿದು ಕೊಟ್ಟು, ಕಾಲು ತೂರಿಸುವ ತೂತು ನಮ್ಮ ಜವಾಬ್ದಾರಿಯಲ್ಲ ಎಂದು ಸೇಟಿಗೆ ಬರೆಯುವುದರಲ್ಲಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಮೀನಾಕ್ಷಿಯ ಅತ್ತೆ ಮಂಚದಿಂದ ಕೆಳಗೆ ಬಿದ್ದರು. ಅವರು ಕೂಗಿದ್ದು ಸಂದಿಯುದ್ದಕ್ಕೂ ಕೇಳಿಸಿತು. ಅಮ್ಮನವರ ಕೀಲಿ ಕೂಡಲೇ ಬಂತು, ಅದನ್ನು ಮರೆಯುವುದಿಲ್ಲ. ಸುಂಕಪ್ಪನವರ ಕೀಲಿ ಅವರ ಉಡಿದಾರಕ್ಕೆ ಕಟ್ಟಿಸಿಕೊಂಡು ಗುಮ್ಮಘಟ್ಟಕ್ಕೆ ಮದುವೆಯೂಟಕ್ಕೆ ಹೋಗಿತ್ತು. ಮೀನಾಕ್ಷಿ ತಮ್ಮನ್ನು ಹತ್ತಿ ಆಚೆ ಇಳಿದಳು. ತಾವು ತಮ್ಮ ಕರ್ತವ್ಯ ಬಿಡಲಿಲ್ಲ; ಹನ್ನೊಂದು ಈಟಿಗಳಲ್ಲಿ ಒಂದು ಅವಳ ಕಾಲಿನ ಮೀನಖಂಡವನ್ನು ಸೀಳಿತು. ರಕ್ತ ಸುರಿಯುತ್ತಿದ್ದ ಕಾಲಿನಲ್ಲೇ ಹೋಗಿ ಅತ್ತೆಯನ್ನು ಎತ್ತಿ ಮಂಚದ ಮೇಲೆ ಮಲಗಿಸಿ, ಆಮೇಲೆ ಆಸ್ಪತ್ರೆಗೆ ಹೋಗಿ ಏಳು ಹೊಲಿಗೆ ಹಾಕಿಸಿಕೊಂಡಳು.

ಮಾರನೆಯ ದಿನ ನಾನು ಇಬ್ಬರನ್ನೂ ಸಂದಿಗೆ ಕರೆದು, ಅದೇ ಟೇಪನ್ನು ಹಿಡಿದು, ಮೂರು ಇಂಚು ನನ್ನ ಬಾಯಿಂದ ಬಂದದ್ದೆಂದು ಒಪ್ಪಿಕೊಂಡೆ. ಸತ್ಯಕ್ಕೆ ಒಂದು ಗೇಟು ಕೀಳುವಷ್ಟಾದರೂ ಶಕ್ತಿ ಇದೆಯೆಂದು ನಂಬಿದ್ದೆ. “ಆಕಿ ಎಷ್ಟು ಕೊಟ್ಟಾಳಪ ನಿನಗ, ಇದನ್ನ ಹೇಳಾಕ?” ಎಂದರು ಸುಂಕಪ್ಪನವರು. “ಬಾಡಿಗಿಗಿರೋದು ನನ್ನ ಶೆಡ್ಡಿನಾಗ, ನಿಯತ್ತು ತೋರ್ಸೋದು ಅವ್ರಿಗೇನು?” ಎಂದರು ಅಮ್ಮನವರು. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಇಬ್ಬರೂ ಓಬಯ್ಯನವರ ಜಗಲಿಯ ಮೇಲೆ ಒಂದೇ ಕಡೆ ಕುಳಿತು, ಈ ಬಾಡಿಗೆಯವನು ಹೋದರೆ ಎಲ್ಲ ಸರಿಹೋಗುತ್ತದೆ ಎಂದು ಒಮ್ಮತಕ್ಕೆ ಬಂದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಎರಡು ಕೀಲಿಗಳೂ ಒಂದೇ ನಿಮಿಷಕ್ಕೆ ಬಂದವು. ತಾವು ಪೂರ್ತಿ ತೆರೆದುಕೊಂಡದ್ದನ್ನು ನಾನು ಕಂಡದ್ದು ಅಂದೇ. ನನ್ನ ಒಂಬತ್ತು ಮಷಿನ್ನುಗಳು ಹೊರಗೆ ಹೋಗುವಷ್ಟು ಹೊತ್ತು.

ಈಗ ನನ್ನ ಕೋರಿಕೆಗಳು. ತಾವು ದಯಮಾಡಿ ಆರು ವರ್ಷದ ಬಾಡಿಗೆಗೆ ರಸೀದಿ ಬರೆದುಕೊಡಬೇಕು, ಏಕೆಂದರೆ ನಾನು ಅಲ್ಲಿದ್ದದ್ದಕ್ಕೆ ತಮ್ಮನ್ನು ಬಿಟ್ಟರೆ ಸಾಕ್ಷಿಯಿಲ್ಲ. ಅತ್ತೆಯಂದಿರು ಮಂಚದಿಂದ ಬೀಳುವ ಹೊತ್ತನ್ನು ಇಬ್ಬರೂ ಯಜಮಾನರಿಗೆ ಅನುಕೂಲವಾಗುವಂತೆ ತಾವೇ ಗೊತ್ತುಮಾಡಿ ಬೀದಿಗೆ ಸಾರಬೇಕು. ಅದಾಗದಿದ್ದರೆ, ಮುಂದಿನ ಮಳೆಗಾಲದಲ್ಲಿ ಚೆನ್ನಾಗಿ ನೆನೆದು, ತಮ್ಮ ಘನತೆಗೆ ಕುಂದು ಬಾರದಂತೆ, ಒಂದು ಹೆಂಗಸು ನುಸುಳುವಷ್ಟು ಕುಗ್ಗಬೇಕು.

ಇಷ್ಟನ್ನು ತಮ್ಮ ಮೈಮೇಲೆ ಅಂಟಿಸಿ, ಬೀದಿಯವರೆಲ್ಲ ಓದಲೆಂದು ಬಿಟ್ಟುಹೋಗುತ್ತಿದ್ದೇನೆ.

ತಮ್ಮ ವಿಶ್ವಾಸಿ,
ರಾಮಾಂಜಿನೇಯ
ಜೀನ್ಸ್ ಜಾಬ್ ವರ್ಕ್, ಈಗ ಬೆಳುಗುಪ್ಪ ರಸ್ತೆ

ತಾ.ಕ.: ನನ್ನ ತಪ್ಪೊಪ್ಪಿಗೆಯ ಮಾತನ್ನು ಅಮ್ಮನವರು ನೆಲದ ವಿಷಯಕ್ಕೆ ನಂಬದಿದ್ದರೂ ಅಡ್ವಾನ್ಸಿನ ವಿಷಯಕ್ಕೆ ನಂಬಿದರು, ತಪ್ಪು ಅಳತೆ ಹೇಳಿದ್ದಕ್ಕೆ ಗೇಟಿನ ಅರ್ಧ ಕ್ರಯ, ನಾಲ್ಕು ಸಾವಿರದ ಒಂಬೈನೂರು, ಮುರಿದುಕೊಂಡರು. ಗೇಟಿಗೆ ದುಡ್ಡು ಕೊಟ್ಟವರು ಸುಂಕಪ್ಪನವರು ಎಂಬುದನ್ನು ನಾನು ನೆನಪಿಸಲಿಲ್ಲ, ಅವರಿಬ್ಬರ ಹೊಸ ಸ್ನೇಹ ಕೆಡದಿರಲಿ ಎಂದು. ಉಳಿದಂತೆ, ಓಬಯ್ಯನವರಿಗೆ ಏಳು ಸಂಜೆಯ ಮಿರ್ಚಿ ಸಂದಿದೆ. ಕದಿರಪ್ಪನಿಗೆ ಅದೇ ಬೀದಿಯಲ್ಲಿ ಇನ್ನೂ ಎರಡು ಗೇಟಿನ ಆರ್ಡರು ಬಂದಿದೆ. ಗಂಗಕ್ಕನಿಗೆ ಈ ವರ್ಷ ಬಿಳಿ ಸಂಡಿಗೆ. ಸುಂಕಪ್ಪನವರಿಗೆ ಒಂದು ಕೀಲಿ, ಬಸವರಾಜೇಶ್ವರಿ ಅಮ್ಮನವರಿಗೆ ಒಂದು ಕೀಲಿ ಮತ್ತು ಯಾರೂ ಬಾಡಿಗೆಗೆ ಬರದ ಒಂದು ಶೆಡ್ಡು. ನನಗೆ ಟೆಂಪೋ ಬಂದು ನಿಲ್ಲುವ ದಾರಿ, ಛಾಪಾ ಕಾಗದದ ಮೇಲೆ ಬರೆದ ಬಾಡಿಗೆ ಕರಾರು, ಒಂಬತ್ತರಲ್ಲಿ ಎಂಟು ಜನ. ಮೀನಾಕ್ಷಿ ಬರಲಿಲ್ಲ, ಹೊಸ ಶೆಡ್ಡಿನಿಂದ ಆ ಮಂಚಕ್ಕೆ ಆಟೋದಲ್ಲಿ ಇಪ್ಪತ್ತು ನಿಮಿಷ. ಅವಳ ಪಾಲಿಗೆ ಏಳು ಹೊಲಿಗೆ.