ಅತ್ತೆಗೆ ಹೇಳಿದ ಎರಡು ಹನಿ

ಹೆಂಡತಿ ಬ್ಯೂಟಿ ಪಾರ್ಲರ್ ಇಟ್ಟರೆ ಗಂಡ ಚೆಲುವನಾಗುತ್ತಾನೆ ಎಂದು ನಂಬಿದ್ದವನು ನಾನು. ಮೂರು ವರ್ಷವಾಯಿತು, ಹಾಗೇ ಇದ್ದೇನೆ. ರಾಮನಗರದ ನಮ್ಮ ಮನೆಯ ಮುಂದಿನ ಕೋಣೆ ಮಾತ್ರ ಹೆಂಡತಿ ನವ್ಯಶ್ರೀಯ ಸೀಸೆಗಳಿಂದ ತುಂಬಿಹೋಗಿದೆ. ಅವುಗಳ ಹತ್ತಿರ ಸುಳಿಯುವ ಅಧಿಕಾರ ನನಗಿಲ್ಲ. (ಶೆಲ್ಫಿಗೆ ಮೊಳೆ ಹೊಡೆದವನು ನಾನೇ.)

ಆ ಶುಕ್ರವಾರ ಅವಳು ಮದುಮಗಳ ಮೇಕಪ್ಪಿಗೆಂದು ಚನ್ನಪಟ್ಟಣಕ್ಕೆ ಹೋಗಿದ್ದಳು. ನಾನು ಬಿಡದಿಯ ಫ್ಯಾಕ್ಟರಿಯಲ್ಲಿ. ಮನೆಯಲ್ಲಿ ಸಾತನೂರಿನಿಂದ ಬಂದಿದ್ದ ನಮ್ಮತ್ತೆ ಮಾಯಮ್ಮ ಒಬ್ಬರೇ. ವಿಪರೀತ ಶೀತ, ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. (ಮದುವೆಯಾದ ಮೇಲೆ ಅಂಥ ಶಾಂತಿ ಕಂಡದ್ದು ಅದೇ ಮೊದಲು.) ಸುಖದಲ್ಲಿ ಮನಸ್ಸು ಉದಾರವಾಗುತ್ತದೆ. ಊಟದ ಬಿಡುವಿನಲ್ಲಿ ಮನೆಗೆ ಫೋನ್ ಮಾಡಿದೆ.

"ಅತ್ತೆ, ಶೆಲ್ಫ್‌ನಾಗೆ ಹಸಿರು ಮುಚ್ಚಳದ್ದು ಪುಟ್ಟ ಸೀಸೆ ಐತೆ, ಟೀ ಟ್ರೀ ಎಣ್ಣೆ. ಬಿಸಿನೀರಿಗೆ ಎರಡು ಹನಿ ಹಾಕ್ಕೊಂಡು ತಗೊಳ್ಳಿ. ಸೀತ ಓಡೋಯ್ತದೆ."

"ಹ್ಞೂಂ" ಎಂದಿತು ಫೋನು.

ಈ ಧನ್ವಂತರಿ ಕಾರ್ಯಕ್ಕೆ ಶಹಭಾಸ್‌ಗಿರಿ ಪಡೆಯೋಣವೆಂದು ಹೆಂಡತಿಯ ಮೊಬೈಲಿಗೂ ಮಾಡಿ ಎಲ್ಲ ಹೇಳಿದೆ.

"ಆವಿ ತಗೊಳ್ಳಿ ಅಂದ್ರಾ, ಬರೀ ತಗೊಳ್ಳಿ ಅಂದ್ರಾ?"

"ಬರೀ... ಯಾಕೆ?"

"ಅಯ್ಯೋ, ಅದನ್ನ ಕುಡಿಯಂಗಿಲ್ಲ ಕಣ್ರೀ! ಹೊಟ್ಟೆಗೋದ್ರೆ ವಿಷ, ಗ್ಯಾನ ತಪ್ಪೋಯ್ತದೆ ಅಂತ ಟ್ರೈನಿಂಗ್‌ನಾಗೆ ಬಾಯಿ ಬಡ್ಕೊಂಡವ್ರೆ. ನಮ್ಮವ್ವಂಗೇನಾದ್ರೂ ಆದ್ರೆ..."

ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಮನೆಗೆ ಮತ್ತೆ ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ.

ಸೂಪರ್‌ವೈಸರಿಗೆ ಏನು ಹೇಳಿದೆನೋ ನೆನಪಿಲ್ಲ. ಸಿಕ್ಕ ಬಸ್ಸಿನ ಮೆಟ್ಟಿಲ ಮೇಲೆ ನೇತಾಡಿಕೊಂಡು ಬಂದೆ. ಆ ಡ್ರೈವರ್ ಮರ ಕಂಡಲ್ಲೆಲ್ಲ ನಿಲ್ಲಿಸುತ್ತಿದ್ದ. ನನಗಿಷ್ಟವೆಂದು ಊರಿಂದ ಹುರುಳಿಕಾಳು ಹೊತ್ತು ತರುವ ಹೆಂಗಸು ನಮ್ಮತ್ತೆ! ಅತ್ತೆಯ ಹಳೆಯ ಬೈಗುಳಗಳೆಲ್ಲ ಸುಪ್ರಭಾತದಂತೆ ಕಿವಿಯಲ್ಲಿ ಮೊಳಗಿ ಕಣ್ಣು ತುಂಬಿತು.

ಅತ್ತೆ ಕಂಬಳಿ ಹೊದ್ದು ಮಲಗಿದ್ದರು. ಮುಖವೆಲ್ಲ ಬೆವರು, ಕಣ್ಣು ಕೆಂಪು. ಪಕ್ಕದಲ್ಲಿ ಆ ಸೀಸೆ, ಒಂದು ಖಾಲಿ ಲೋಟ.

"ಅತ್ತೆ! ಕುಡುದ್ಬುಟ್ರಾ?"

ಲೋಟ ತೋರಿಸಿ ಹೌದೆಂದು ತಲೆಯಾಡಿಸಿದರು. ಆಮೇಲೆ ಕೈ ತಿರುಗಿಸಿ ಏನೇನೋ ಅಭಿನಯಿಸಿದರು. ನನಗದು ಅಂತಿಮ ಸಂದೇಶದಂತೆ ಕಂಡಿತು. ಡಾಕ್ಟರಿಗೆ ತೋರಿಸಬೇಕೆಂದು ಸೀಸೆಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಅತ್ತೆಯನ್ನು ಕಂಬಳಿ ಸಮೇತ ಎತ್ತಿಕೊಂಡು ಹೊರಗೋಡಿದೆ. ಪಕ್ಕದ ಮನೆಯ ಸನಾವುಲ್ಲಾ ಆಟೋ ಒರೆಸುತ್ತಿದ್ದ.

"ಆಸ್ಪತ್ರೆಗೆ ಬಿಡಪ್ಪ, ಬೇಗ!"

ಅರ್ಧ ದಾರಿಯಲ್ಲಿ ಅವನು ಕನ್ನಡಿ ನೋಡಿ, "ಅಣ್ಣಾ, ಅಮ್ಮ ನಿಮ್ ಕೆನ್ನೆಗೆ ಹೊಡೀತಾವ್ರೆ" ಎಂದ.

"ಅದು ಫಿಟ್ಸು ಕಣೋ! ನೀನು ಓಡ್ಸು!"

ಅಷ್ಟರಲ್ಲಿ ನನ್ನ ಬಲತೊಡೆ ಚುರುಗುಟ್ಟತೊಡಗಿತು. ಭಯಕ್ಕೆ ಎದೆ ಉರಿಯುವುದು ಗೊತ್ತಿತ್ತು. ತೊಡೆಯೂ ಉರಿಯುತ್ತದೆಂದು ಅಂದೇ ತಿಳಿದದ್ದು.

ಡಾಕ್ಟರಮ್ಮ ಅತ್ತೆಯ ನಾಡಿ ಹಿಡಿದು, ಕಣ್ಣಿಗೆ ಟಾರ್ಚು ಬಿಟ್ಟು, ಕೊನೆಗೆ ಅವರ ಬಾಯಿಗೇ ಕಿವಿ ಕೊಟ್ಟು ಕೇಳಿದರು.

"ಲೋಟದಲ್ಲಿದ್ದದ್ದು ಜೀರಿಗೆ ಕಷಾಯವಂತೆ" ಎಂದರು. "ಎಣ್ಣೆ ಹಾಕಿ ಆವಿ ಹಿಡಿದು, ಬೆವರಲಿ ಅಂತ ಹೊದ್ದು ಮಲಗಿದ್ದರಂತೆ. ಫೋನ್ ಬಂತಂತೆ, ಗಾಳಿಗೇಕೆ ಏಳಬೇಕು ಅಂತ ಸುಮ್ಮನಿದ್ದರಂತೆ. ವಾಸನೆ ನೋಡಿದರೆ ಕುಡಿಯೋದಲ್ಲ ಅಂತ ಗೊತ್ತಾಗಲ್ವಾ ಅಂತ ನಿಮ್ಮನ್ನು ಕೇಳ್ತಿದ್ದಾರೆ. ಎಲ್ಲಿ, ಆ ಸೀಸೆ ಕೊಡಿ."

ಜೇಬಿಗೆ ಕೈ ಹಾಕಿದೆ. ಸೀಸೆ ಒಂದು ಕಡೆ, ಮುಚ್ಚಳ ಒಂದು ಕಡೆ. ಎಣ್ಣೆ ಎರಡೂ ಕಡೆ ಇರಲಿಲ್ಲ.

"ಬೇರೆ ಎಣ್ಣೆ ಬೆರೆಸದೆ ಇದನ್ನು ಮೈಗೆ ಸೋಕಿಸಬಾರದು ರೀ! ಪ್ಯಾಂಟ್ ಬಿಚ್ಚಿ, ಮೊದಲು ಸೋಪು ಹಾಕಿ ತೊಳೀಬೇಕು" ಎಂದು ಡಾಕ್ಟರಮ್ಮ ನರ್ಸನ್ನು ಕೂಗಿದರು.

ಸುದ್ದಿ ತಿಳಿದು ಚನ್ನಪಟ್ಟಣದಿಂದ ಅಳುತ್ತ ಆಸ್ಪತ್ರೆಗೆ ಓಡಿಬಂದ ನವ್ಯಶ್ರೀಗೆ ಕಂಡದ್ದು, ಬೆಂಚಿನ ಮೇಲೆ ಕೂತು ಬನ್ನನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ ತಾಯಿ. ನಾನು ಪರದೆಯ ಹಿಂದೆ ಸನಾವುಲ್ಲಾನ ಲುಂಗಿಯಲ್ಲಿ, ಗುಳ್ಳೆಯೆದ್ದ ತೊಡೆಗೆ ಮುಲಾಮು ಬಳಿಸಿಕೊಂಡು ಮಲಗಿದ್ದೆ.

"ಅವ್ವಾ! ಏನಾಯ್ತವ್ವಾ?"

ಕಾಫಿಯ ಬಿಸಿಗೋ ಏನೋ, ಅತ್ತೆಯ ಗಂಟಲು ಅದೇ ಗಳಿಗೆಯಲ್ಲಿ ಬಿಟ್ಟಿತು. ಇಡೀ ವಾರ್ಡಿಗೆ ಕೇಳಿಸಿತು.

"ನಂಗೇನಾಗೈತೆ? ಅಳಿಯಂದ್ರು ಒಳಗವ್ರೆ ನೋಡೋಗು. ಗಾಬ್ರಿಯಾಗ್ಬೇಡ ಕಣವ್ವ, ಹೊಟ್ಟೆಗೇನೂ ಹೋಗಿಲ್ಲ. ಪ್ಯಾಂಟಿಗೋಗೈತೆ!"