ಲಿಯೋನಾಳಿಗೆ ಲ್ಯಾಬ್ ಸಿಕ್ಕಿದ್ದು

ಲ್ಯಾಬಿನಲ್ಲಿ ಕೆಲಸ ಕೇಳಿ ಮೂವತ್ತೆಂಟು ಪ್ರೊಫೆಸರರಿಗೆ ಒಂದೇ ಪತ್ರ ಕಳಿಸುವಾಗ ಬದಲಿಸಬೇಕಾದದ್ದು ಹೆಸರೊಂದೇ. ಲಿಯೋನಾ ಫಿಟ್ಸ್ಕೆ ಅದನ್ನೇ ಮರೆತಳು. ಹೃದಯದ ಮೇಲೆ ಸಂಶೋಧನೆ ಮಾಡುವ ಆಸ್ಟ್ರಾಂಡರ್ ಅವರಿಗೆ ಹೋದ ಮೇಲ್, "ಮಾನ್ಯ ಪ್ರೊಫೆಸರ್ ಹೈಡ್ ಅವರೇ, ನಾನು ನಿಮ್ಮ ದೊಡ್ಡ ಅಭಿಮಾನಿ" ಎಂದು ಶುರುವಾಗಿತ್ತು.

"ಮುಗೀತು ನನ್ನ ಕತೆ! ಲ್ಯಾಬಲ್ಲಿ ಕೆಲಸ ಮಾಡದೆ ಹೋದ್ರೆ ಯಾವ ಮೆಡಿಕಲ್ ಕಾಲೇಜೂ ನನ್ನ ಅರ್ಜಿ ಮೂಸಿ ಕೂಡ ನೋಡಲ್ಲ," ಎಂದು ಅವಳು ಹಾಸ್ಟೆಲಿನ ಮಂಚದ ಮೇಲೆ ಬಿದ್ದುಕೊಂಡಳು.

ರೂಮಿನ ಗೆಳತಿ ಮಾರ್ಗೋ ನಾಟಕ ಓದುವವಳು. ಸಲಹೆಗೆ ಬರವಿರಲಿಲ್ಲ. "ಏಳೇ! ಅವರು ಮೇಲ್ ನೋಡೋಕೆ ಮುಂಚೆ ನೀನೇ ಹೋಗಿ ಎದುರು ನಿಲ್ಲು. ಏನು ಕೇಳಿದ್ರೂ 'ಖಂಡಿತ' ಅನ್ನು. ಉತ್ಸಾಹ ತೋರ್ಸು!" ಎಂದು ತನ್ನ ಎತ್ತರದ ಹಿಮ್ಮಡಿಯ ಬೂಟುಗಳನ್ನೂ ತೊಡಿಸಿ ಕಳಿಸಿದಳು.

ಅಯೋವಾದ ಜನವರಿಯ ಮಂಜುಗಡ್ಡೆಯ ಮೇಲೆ ಲಿಯೋನಾ ಆಗತಾನೇ ಎದ್ದುನಿಂತ ಕರುವಿನಂತೆ ಕಾಲು ಹರಡಿಕೊಂಡು ಆಸ್ಟ್ರಾಂಡರ್ ಅವರ ಲ್ಯಾಬ್ ತಲುಪಿದಳು. ಬಾಗಿಲಲ್ಲೇ ನರ್ಸ್ ಡೋರೀನ್ ಕೇಳಿದಳು:

"ಸಂಶೋಧನೆಗೆ ಬಂದವಳಾ?"

"ಹೌದು ಮೇಡಂ!"

"ಇಲ್ಲಿ ಸೈನ್ ಹಾಕು. ಓದ್ಕೊಂಡು ಹಾಕ್ತೀಯಲ್ಲ?"

"ಖಂಡಿತ!" ಓದದೆಯೇ ಮೂರು ಕಡೆ ಹಾಕಿದಳು.

ಡೋರೀನ್ ಮೂರು ಕೊಳವೆ ರಕ್ತ ತೆಗೆದಳು. ಸಂದರ್ಶನ ಇಷ್ಟೊಂದು ಕಟ್ಟುನಿಟ್ಟೇ ಎಂದು ಲಿಯೋನಾಳಿಗೆ ಗೌರವವೇ ಹುಟ್ಟಿತು. ಎದೆಗೆ ತಂತಿ ಅಂಟಿಸಿ ಟ್ರೆಡ್‌ಮಿಲ್ ಹತ್ತಿಸಿದಳು.

"ಈ ಬೂಟಲ್ಲಿ ಓಡ್ತೀಯೇನೇ ತಾಯಿ?"

"ಖಂಡಿತ!"

ಎರಡನೇ ನಿಮಿಷಕ್ಕೆ ಒಂದು ಬೂಟು ಹಾರಿ ಕಸದ ಬುಟ್ಟಿಗೆ ಬಿತ್ತು. ಲಿಯೋನಾ ನಿಲ್ಲಲಿಲ್ಲ. ಕುಂಟು ಕೋಳಿಯಂತೆ ಓಡುತ್ತಲೇ ಇದ್ದಳು. ಆಗ ಆಸ್ಟ್ರಾಂಡರ್ ಒಳಗೆ ಬಂದರು.

"ಸಾರ್, ಆ ಮೇಲ್... ತಪ್ಪಾಯ್ತು..."

"ಮೇಲಾ? ಎರಡು ವಾರದಿಂದ ನಾನು ಯಾವುದನ್ನೂ ತೆಗೆದೇ ಇಲ್ಲಮ್ಮ."

ಲಿಯೋನಾಳಿಗೆ ಜೀವ ಬಂದಂತಾಯಿತು. ಧೈರ್ಯವೂ ಬಂತು. ಪರದೆಯ ಮೇಲಿನ ಎದೆಬಡಿತದ ಗೆರೆ ಯಾಕೆ ಹಾಗೆ ಏರುತ್ತದೆ, ಹುಡುಗಿಯರಲ್ಲಿ ಬೇರೆ ಥರವೇ, ಊಟವಾದ ಮೇಲೆ ಓಡಿಸಿದರೆ ಏನಾಗುತ್ತದೆ ಎಂದು ಏದುಸಿರು ಬಿಡುತ್ತಲೇ ಕೇಳಿದಳು. ಆಸ್ಟ್ರಾಂಡರ್ ಕುರ್ಚಿ ಎಳೆದುಕೊಂಡು ಕೂತರು. ಮೂರನೆಯ ಪ್ರಶ್ನೆಯನ್ನಂತೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಯಂತ್ರ ನಿಂತಿತು. "ಹಾಗಾದ್ರೆ ಕೆಲಸ ಸಿಕ್ತಾ ಸಾರ್?"

"ಕೆಲಸಾನಾ? ನೀನು ಸೈನ್ ಹಾಕಿರೋದು ನಮ್ಮ ಪ್ರಯೋಗಕ್ಕೆ ಒಳಗಾಗೋಕೆ!"

"ಅಯ್ಯೋ! ಹೆಸರು ಹೊಡೆದುಹಾಕಿ ಸಾರ್!"

"ಹೊಡೀಬಹುದು. ಆದ್ರೆ ಒಮ್ಮೆ ರಕ್ತ ಕೊಟ್ಟೋರನ್ನ ಒಂದು ವರ್ಷ ಕೆಲಸಕ್ಕೆ ತಗೊಳ್ಳೋ ಹಾಗಿಲ್ಲ, ಲ್ಯಾಬಿನ ನಿಯಮ." ಅವರು ತಲೆ ಕೆರೆದುಕೊಂಡರು. "ಛೆ, ಒಂದು ಜಾಗ ಖಾಲಿನೂ ಇತ್ತು. ಇಷ್ಟೊಂದು ಪ್ರಶ್ನೆ ಕೇಳೋರು ನಂಗೆ ಸಿಕ್ಕೇ ಇರ್ಲಿಲ್ಲ."

ಲಿಯೋನಾ ಟ್ರೆಡ್‌ಮಿಲ್ಲಿನ ಅಂಚಿನಲ್ಲೇ ಕುಸಿದು ಕೂತಳು.

"ಅಳ್ಬೇಡ. ಪ್ರತಿ ಗುರುವಾರ ಬಂದು ಓಡು. ಓಡ್ತಾ ಏನು ಬೇಕಾದ್ರೂ ಕೇಳು, ಹೇಳ್ಕೊಡ್ತೀನಿ. ಮುಂದಿನ ಜನವರಿಗೆ ನಿನ್ನ ಜಾಗ ನಿನಗೇ."

ಲಿಯೋನಾ ಮೂಗು ಒರೆಸಿಕೊಂಡಳು. ಉಳಿದೊಂದು ಬೂಟನ್ನೂ ಕಳಚಿಟ್ಟು, ಬರಿಗಾಲಲ್ಲಿ ಮತ್ತೆ ಯಂತ್ರ ಹತ್ತಿದಳು.

"ಹಾಗಾದ್ರೆ ನಾಲ್ಕನೇ ಪ್ರಶ್ನೆ ಸಾರ್..."

ಡೋರೀನ್ ನಿಟ್ಟುಸಿರಿಟ್ಟು ಗುಂಡಿ ಒತ್ತಿದಳು.