ಭಾವನವರ ಅಸಲಿ ಕಾರು, ನಕಲಿ ಕಾರು

ನಮ್ಮ ಭಾವನವರಿಗೆ ಮನುಷ್ಯರ ಗುರುತು ಹತ್ತುವುದಿಲ್ಲ. ಹೆಂಡತಿಯ ಸ್ವಂತ ತಮ್ಮನಾದ ನನ್ನನ್ನೇ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ “ಟೈಮೆಷ್ಟು ಸಾರ್?” ಎಂದು ಕೇಳಿ ಮುಂದೆ ಹೋಗಿದ್ದಾರೆ! ಆದರೆ ಜಪಾನಿನ ಸ್ಪೋರ್ಟ್ಸ್ ಕಾರೊಂದು ಅರ್ಧ ಫರ್ಲಾಂಗು ದೂರದಲ್ಲಿ ಹೋಗಲಿ, ಅದು ಅಸಲಿ ಸ್ಪೆಷಲ್ ಎಡಿಷನ್ನೋ, ಸ್ಟಿಕ್ಕರ್ ಅಂಟಿಸಿಕೊಂಡು ಮೀಸೆ ತಿರುವುತ್ತಿರುವ ಮಾಮೂಲಿ ಕಾರೋ ಎಂದು ಸದ್ದಿನಲ್ಲೇ ಹೇಳಿಬಿಡುತ್ತಾರೆ. ಕೇಳಿದವರಿಗೆ ಮಾತ್ರ ಹೇಳುತ್ತಾರೆ ಎಂದುಕೊಂಡಿರಾ? ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಾರೆ!

ಇಷ್ಟೆಲ್ಲ ಬಲ್ಲವರ ಬಳಿ ಎಂಥ ಕಾರಿರಬಹುದು? ಗುಬ್ಬಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾದ ಇವರ ಬಳಿ ಇರುವುದು ಒಂದು ಮೊಪೆಡ್. ಏರು ಬಂದರೆ ಇಳಿದು ತಳ್ಳಬೇಕು. ಕಾರು ಓಡಿಸಲು ಬರುವುದಿಲ್ಲ, ಲೈಸೆನ್ಸೂ ಇಲ್ಲ. ವಿದ್ಯೆಯೆಲ್ಲ ಮೊಬೈಲಿನ ವಿಡಿಯೋಗಳಿಂದ ಬಂದದ್ದು. “ತೊಗರಿಬೇಳೇಲಿ ಕಲ್ಲು ಕಾಣ್ಸಲ್ಲ ಇವ್ರಿಗೆ, ಕಂಡೋರ ಕಾರಿನ ನಟ್ಟು ಕಾಣ್ಸುತ್ತೆ” ಎಂದು ನಮ್ಮಕ್ಕ ದಿನಕ್ಕೊಮ್ಮೆಯಾದರೂ ಹಲ್ಲು ಕಡಿಯುತ್ತಾಳೆ.

ಕುಣಿಗಲ್ಲಿನಲ್ಲಿ ನೆಂಟರ ಮದುವೆ. ವರ ಹೂವಿನಿಂದ ಮುಚ್ಚಿದ ಕೆಂಪು ಕಾರಿನಲ್ಲಿ ಬಂದಿಳಿದ. ಎಲ್ಲರೂ ವರನನ್ನು ನೋಡುತ್ತಿದ್ದರೆ ಭಾವನವರು ರೇಷ್ಮೆ ಪಂಚೆಯಲ್ಲೇ ಛತ್ರದ ಅಂಗಳದಲ್ಲಿ ಅಂಗಾತ ಮಲಗಿ ಕಾರಿನಡಿ ತೂರಿಕೊಂಡರು. ಪಂಚೆಗೆಲ್ಲ ಗ್ರೀಸು ಮೆತ್ತಿಕೊಂಡು ಎದ್ದವರೇ ಕೂಗಿದರು: “ಡೂಪ್ಲಿಕೇಟು! ಪೂರ್ತಿ ಡೂಪ್ಲಿಕೇಟು! ಒಳಗೆ ಏನೂ ಇಲ್ಲ, ಮೇಲ್ಮೇಲೆ ಶೋಕಿ!”

ಒಳಗೆ ಧಾರೆಗೆ ಸಿದ್ಧರಾಗುತ್ತಿದ್ದ ಹುಡುಗಿಯ ತಂದೆ ಗಾಬರಿಯಿಂದ ಓಡಿಬಂದು ವರನ ಮುಖವನ್ನು ದುರುಗುಟ್ಟಿ ನೋಡಿದರು. “ಮಾರ್ಕ್ಸ್ ಕಾರ್ಡ್ ತಂದಿದೀರಾ?” ಎಂದೂ ಕೇಳಿಬಿಟ್ಟರು! ಬೀಗರನ್ನು ಸಮಾಧಾನಪಡಿಸುವಷ್ಟರಲ್ಲಿ ನಮಗೆ ಕೊನೆಯ ಪಂಕ್ತಿಯ ತಣ್ಣನೆ ಅನ್ನವೇ ಗತಿಯಾಯಿತು.

ಇಂಥವರನ್ನು ನಂಬಿ ನನ್ನ ಗೆಳೆಯನೊಬ್ಬ ಹಳೆ ಕಾರು ಕೊಳ್ಳಲು ತುಮಕೂರಿಗೆ ಕರೆದೊಯ್ದ. ಮಾರುವವನು “ಅಸಲಿ ಪೀಸ್ ಸಾರ್” ಎಂದು ಆಣೆ ಇಟ್ಟ. ಭಾವನವರು ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿದರು. ಅದು ಅಂಟದೆ ಕೆಳಗೆ ಬಿತ್ತು.

“ತಗಡಿಗಿಂತ ಪುಟ್ಟಿನೇ ಜಾಸ್ತಿ ಕಣಯ್ಯ! ಇದುನ್ನ ಗ್ಯಾರೇಜಲ್ಲಿ ಮಾಡಿಲ್ಲ, ಬೇಕರೀಲಿ ಮಾಡವ್ರೆ. ಈ ಸ್ಟಿಕ್ಕರ್ ನೋಡು, ಸ್ಪೋರ್ಟ್ಸ್‌ಗೆ ಎರಡು ಆರ್ ಹಾಕ್ತಾರೇನಯ್ಯ ಜಪಾನ್‌ನೋರು?”

ಮಾರುವವನೂ ಬಿಡಲಿಲ್ಲ. “ಪಿಕಪ್ ಜಾಸ್ತಿ ಐತೆ ಸಾರ್, ಅದುಕ್ಕೇ!”

ಗೆಳೆಯ ಬಚಾವಾದ. ಸರ್ವನಾಶವಾದದ್ದು ನಾವು! ಸುದ್ದಿ ಹಬ್ಬಿ ಭಾವನವರು ದೊಡ್ಡ ಮನುಷ್ಯರಾಗಿಬಿಟ್ಟರು. ಊಟಕ್ಕೆ ಕೂತರೂ ಕಾರು, ಸಾವಿನ ಮನೆಗೆ ಹೋದರೂ ಕಾರು.

ಹೋದ ವರ್ಷ ಗುಬ್ಬಿ ಹತ್ತಿರದ ಕಡಬದಿಂದ ಹೆಂಗಸೊಬ್ಬರು ಫೋನ್ ಮಾಡಿದರು. ಭಾವನವರು ನನ್ನನ್ನೂ ಎಳೆದುಕೊಂಡು ಹೊರಟರು. ಆಕೆಯ ಗಂಡ ನುಗ್ಗಾದ ಕಾರುಗಳ ತಗಡು ಬಡಿದು ಸರಿಮಾಡುವ ಟಿಂಕರಿಂಗ್ ಕೆಲಸದವರು. ಸ್ಟ್ರೋಕ್ ಹೊಡೆದು ಬಲಗೈಯೂ ಮಾತೂ ಬಿದ್ದುಹೋಗಿ, ತೆಂಗಿನ ನೆರಳಿನಲ್ಲಿ ಮಂಚದ ಮೇಲೆ ಒರಗಿದ್ದರು. ಪಕ್ಕದ ಶೆಡ್ಡಿನಲ್ಲಿ ಕಾರಿತ್ತು.

“ಬಂದೋರೆಲ್ಲ ಡೂಪ್ಲಿಕೇಟು ಅಂತ ನಗಾಡ್ತಾರೆ ಮೇಷ್ಟ್ರೇ,” ಎಂದರು ಆಕೆ. “ಇವ್ರಿಗೆ ಮಾತ್ ಬರಲ್ಲ, ಕೇಳ್ಸೋದೆಲ್ಲ ಕೇಳ್ಸುತ್ತೆ. ತಿಳ್ದೋರು ನೀವೊಂದ್ಸಲ ನೋಡಿ ಹೇಳಿ.”

ನೋಡುವುದೇನು, ನನಗೇ ಗೊತ್ತಾಯಿತು. ಸ್ಪೋರ್ಟ್ಸ್ ಕಾರಿನ ವೇಷ ಹಾಕಿದ ಹಳೆಯ ಸಾದಾ ಕಾರು. ಹಿಂದಿನ ರೆಕ್ಕೆ ಎಣ್ಣೆ ಡಬ್ಬದ ತಗಡು ಬಡಿದು ಮಾಡಿದ್ದು. ಹೆಸರಿನ ಒಂದೊಂದು ಅಕ್ಷರವೂ ಹಿತ್ತಾಳೆ ತಟ್ಟೆಯಲ್ಲಿ ಕೊರೆದು, ಅರದಿಂದ ಉಜ್ಜಿ ತೆಗೆದದ್ದು. ಇನ್ನೇನು ಕೂಗಿಯೇಬಿಡುತ್ತಾರೆ ಎಂದು ನಾನು ತಲೆತಗ್ಗಿಸಿ ನಿಂತೆ.

ಭಾವನವರು ಕೂಗಲಿಲ್ಲ. ಬೆಸುಗೆಗಳ ಮೇಲೆ ಬೆರಳಾಡಿಸುತ್ತ ಕಾರನ್ನು ಸುತ್ತಿ ಬಂದು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ಎಷ್ಟ್ ವರ್ಷ ಹಿಡೀತು ಯಜಮಾನ್ರೇ?”

ಆತ ಎಡಗೈಯ ನಾಲ್ಕು ಬೆರಳೆತ್ತಿದರು.

“ಒಬ್ರೇ ಮಾಡುದ್ರಾ?”

ಆತ ಹೌದೆಂದು ತಲೆಯಾಡಿಸಿದರು.

ಭಾವನವರು ಆಕೆಯ ಕಡೆ ತಿರುಗಿದರು. “ನೋಡಮ್ಮ, ಕಂಪ್ನಿಯೋರು ಸ್ಪೆಷಲ್ ಎಡಿಷನ್ ಅಂತ ಸಾವಿರಗಟ್ಲೆ ಮಾಡ್ತಾರೆ. ಇಂಥದ್ದು ಪ್ರಪಂಚದಲ್ಲಿ ಇದೊಂದೇ ಇರೋದು. ಇದುನ್ನ ನಕಲು ಮಾಡಕ್ಕೆ ಜಪಾನ್‌ನೋರ ಕೈಲೂ ಆಗಲ್ಲ.”

ಮಂಚದ ಮೇಲಿದ್ದವರ ಕಣ್ಣು ತುಂಬಿತು. ಭಾವನವರು ಅದನ್ನು ನೋಡಲಾರದೆ ಎದ್ದು, ಒಂದು ಒದ್ದೆ ಬಟ್ಟೆ ಕೇಳಿ, ಬಾನೆಟ್ಟಿನ ಧೂಳು ಒರೆಸತೊಡಗಿದರು. ನಾನೂ ಒಂದು ಬಟ್ಟೆ ಕೇಳಿದೆ.